ಹೋಗುವಾಗ ಗಾಳಿ ಬೆನ್ನಿಗಿರಲಿ, ಬರುವಾಗ ರೈಲು ಹತ್ತಿ

ಕಳೆದ ತಿಂಗಳು ಇದೇ ಪುಟದಲ್ಲಿ ಇಂಗ್ಲೆಂಡಿನ ಫೆನ್ ಸೀಮೆಯಲ್ಲಿ (ಕೇಂಬ್ರಿಜ್ ಕಡೆಯ, ಜೌಗು ಬತ್ತಿಸಿ ಹೊಲ ಮಾಡಿದ ಸಪಾಟು ನೆಲ) ಗ್ರಾವೆಲ್ ಸೈಕಲ್ ತುಳಿದದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಿಗೇ ಈ ಸಲದ ಪುಟ. ಗ್ರಾವೆಲ್ ಬೈಕ್ ಅಂದ್ರೆ ಏನು ಅಂತ ಮೂರು ಜನ ಕೇಳಿದ್ದೀರಿ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ಟೈರು ದಪ್ಪ. ಡಾಂಬರಿಗೂ ಸೈ, ಮಣ್ಣು ರೋಡಿಗೂ ಸೈ.

ಪ್ರಶ್ನೆ: ಹಾಸನದವನು, ಕೆಲಸಕ್ಕೆ ಕೇಂಬ್ರಿಜ್‌ಗೆ ಬಂದು ಒಂದು ವರ್ಷ ಆಯಿತು. ನೆಲ ಸಪಾಟಾಗಿದೆ, 70 ಕಿಲೋಮೀಟರ್ ಆರಾಮಾಗಿ ಆಗುತ್ತೆ ಅಂದುಕೊಂಡು ಎಲಿ ಊರಿಗೆ ಹೋಗಿ ಬಂದೆ. ವಾಪಸ್ ಬರುವಾಗ ಜೀವವೇ ಹೋದ ಹಾಗಾಯಿತು. ನನ್ನ ತಯಾರಿ ಕಮ್ಮಿಯಾಯಿತಾ?

ನಿಮ್ಮ ಕಾಲಿನ ತಪ್ಪೇನಿಲ್ಲ, ಅದು ಗಾಳಿಯ ಕೆಲಸ. ಸಕಲೇಶಪುರದ ಕಡೆ ಏರು ಹತ್ತಿದರೆ ಇಳಿಜಾರು ಸಿಕ್ಕೇ ಸಿಗುತ್ತೆ, ಅಷ್ಟು ಹೊತ್ತು ಕಾಲಿಗೆ ಬಿಡುವು. ಫೆನ್‌ನಲ್ಲಿ ಆ ಬಿಡುವೇ ಇಲ್ಲ. ಪೆಡಲ್ ನಿಲ್ಲಿಸಿದರೆ ಸೈಕಲ್ಲೂ ನಿಲ್ಲುತ್ತೆ, ಹಾಗಾಗಿ ಮೂರು ಗಂಟೆ ಅಂದ್ರೆ ಮೂರು ಗಂಟೆಯೂ ತುಳಿಯಲೇಬೇಕು. ಗುಡ್ಡ ಇಲ್ಲ, ಮರ ಕಮ್ಮಿ, ಗಾಳಿಗೆ ಅಡ್ಡ ನಿಲ್ಲೋದು ಏನೂ ಇಲ್ಲ. ಅಲ್ಲಿ ಹೆಚ್ಚಿನ ದಿನ ಗಾಳಿ ನೈಋತ್ಯದಿಂದ ಬೀಸುತ್ತೆ, ಕೇಂಬ್ರಿಜ್‌ನಿಂದ ಎಲಿ ಇರೋದು ಈಶಾನ್ಯಕ್ಕೆ. ಹೋಗುವಾಗ ಬೆನ್ನ ಹಿಂದೆ ಗಾಳಿ ಇದ್ದದ್ದು ನಿಮಗೆ ಗೊತ್ತೇ ಆಗಿರೋದಿಲ್ಲ, ಇವತ್ತು ಕಾಲು ಚೆನ್ನಾಗಿದೆ ಅಂದುಕೊಂಡಿರುತ್ತೀರಿ. ಬರುವಾಗ ಅದೇ ಗಾಳಿ ಎದುರಿಗೆ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು ಒಂದೇ. ಅಲ್ಲಿ ನಕ್ಷೆ ತೆಗೆಯುವ ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ. ಹೋದ ಕಡೆಯಿಂದ ತಿರುಗಿ ಬರುವ ಸವಾರಿಯಾದರೆ ಎದುರುಗಾಳಿಯನ್ನು ಮೊದಲೇ ಮುಗಿಸಿ, ಮೈಯಲ್ಲಿ ಕಸುವಿರುವಾಗ. ಎಲಿಗೆ ಹೋಗೋದಾದರೆ ಸುಮ್ನೆ ರೈಲಿನಲ್ಲಿ ವಾಪಸ್ ಬನ್ನಿ, 15–20 ನಿಮಿಷದ ದಾರಿ. ಆಫೀಸ್ ಹೊತ್ತಿನಲ್ಲಿ ಸೈಕಲ್ ಹತ್ತಿಸಲು ಬಿಡುತ್ತಾರಾ ಅಂತ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ದಾರಿಯೂ ಬದಲಿಸಿ ನೋಡಿ. ಕೇಂಬ್ರಿಜ್‌ನಿಂದ ಬಾಟಿಶಂಗೆ ಹೋದರೆ ಅಲ್ಲಿಂದ ವಿಕೆನ್ ಫೆನ್‌ವರೆಗೆ ಲೋಡ್ಸ್ ವೇ ಅನ್ನುವ 9 ಮೈಲಿ ದಾರಿ ಇದೆ. ಲೋಡ್ ಅಂದ್ರೆ ಅಲ್ಲಿನವರ ಮಾತಿನಲ್ಲಿ ಮನುಷ್ಯರು ತೋಡಿದ ನಾಲೆ. ರೋಮನ್ನರ ಕಾಲದವು ಅಂತ ಹೇಳುತ್ತಾರೆ. ನಾನು ಮೊದಲ ಸಲ ಹೋದಾಗ ರೀಚ್ ಲೋಡ್ ಹತ್ತಿರ ಏರಿಯ ಕೆಳಗಡೆ ತುಳಿಯುತ್ತಾ ಇದ್ದೆ. ಎಡಕ್ಕೆ ಕಪ್ಪು ಹೊಲ, ಬಲಕ್ಕೆ ಹುಲ್ಲು ಬೆಳೆದ ಏರಿ. ಆ ಏರಿಯ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಒಂದು ದೋಣಿಯ ಹಸಿರು ಚಾವಣಿ ಮೆಲ್ಲಗೆ ಸರಿದುಹೋಯಿತು. ಚಾವಣಿ ಮೇಲೆ ಹೂವಿನ ಕುಂಡ, ಪಕ್ಕದಲ್ಲಿ ಮಲಗಿದ್ದ ನಾಯಿ. ನೀರು ಕಾಣಿಸಲೇ ಇಲ್ಲ. ಸೈಕಲ್ ನಿಲ್ಲಿಸಿ ಏರಿ ಹತ್ತಿ ನೋಡಿದ ಮೇಲೇ ನಂಬಿಕೆ ಬಂದದ್ದು. ಅಲ್ಲಿ ನೀರು ಮೇಲೆ, ನೆಲ ಕೆಳಗೆ.

ಬರ್ವೆಲ್ ಲೋಡ್ ದಾಟುವ ಕಾಲುಸೇತುವೆ ತುಂಬಾ ಕಡಿದಾಗಿತ್ತು, ನಾನು ಸೈಕಲ್ ಹೊತ್ತುಕೊಂಡೇ ದಾಟಿದೆ. ಸೈಕಲ್ಲಿಗೆ ಸಾಮಾನು ಜಾಸ್ತಿ ಕಟ್ಟಬೇಡಿ. ವಿಕೆನ್‌ನಲ್ಲಿ ಅರ್ಧ ಗಂಟೆಯಾದರೂ ಕೂರಿ. ಹಳೆಯ ಕಟ್ಟಡ, ನಿಸರ್ಗ ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1899ರಲ್ಲಿ ಅಲ್ಲಿ ಮೊದಲ ತುಂಡು ಜೌಗು ನೆಲ ಕೊಂಡದ್ದರಿಂದಲೇ ಹಳೆಯ ಫೆನ್ ಹೇಗಿತ್ತು ಅಂತ ಇವತ್ತಿಗೂ ಕಣ್ಣಾರೆ ನೋಡಬಹುದು. ಆಳೆತ್ತರದ ಜೊಂಡು, ನೀರಲ್ಲಿ ನಿಂತು ಮೇಯುವ ಕೋನಿಕ್ ಕುದುರೆಗಳು. ಅಲ್ಲಿಂದ ಎಲಿಗೆ ರಾಷ್ಟ್ರೀಯ ಸೈಕಲ್ ದಾರಿ 11 ಹಿಡಿಯಿರಿ. ಎಲಿಯ ದೊಡ್ಡ ಚರ್ಚು ಎಷ್ಟೋ ಮೈಲಿ ಮೊದಲೇ ಕಾಣಿಸುತ್ತೆ, ಎಷ್ಟು ತುಳಿದರೂ ಹತ್ತಿರ ಬರೋದೇ ಇಲ್ಲ ಅನ್ನಿಸುತ್ತೆ. ಅದರ ನಡು ಗೋಪುರ 1322ರಲ್ಲಿ ಕುಸಿದುಬಿತ್ತು. ಈಗಿರುವ ಎಂಟು ಮೂಲೆಯ ಗೋಪುರ ಅದರ ಜಾಗದಲ್ಲಿ ಕಟ್ಟಿದ್ದು.

ಪ್ರಶ್ನೆ: ಅಲ್ಲಿ ನೆಲ ಸಮುದ್ರಕ್ಕಿಂತ ಕೆಳಗಿದೆ ಅಂತ ಬರೆದಿದ್ದಿರಿ. ಅದು ಹೇಗೆ ಸಾಧ್ಯ? (ಶಾಲಾ ಶಿಕ್ಷಕಿ, ದಾವಣಗೆರೆ)

ಮೇಡಂ, ಮಕ್ಕಳಿಗೆ ಹೇಳಲು ಒಳ್ಳೆಯ ವಿಷಯ ಇದು. ಫೆನ್ ಮೊದಲು ಪೂರ್ತಿ ಜೌಗು. ಜೊಂಡು, ಹುಲ್ಲು ನೀರಿನಡಿ ಸರಿಯಾಗಿ ಕೊಳೆಯದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಪೀಟ್ ಅನ್ನುವ ಕಪ್ಪು ಮಣ್ಣಾಯಿತು. 1600ರ ದಶಕಗಳಲ್ಲಿ ಕಾರ್ನೆಲಿಯಸ್ ವರ್ಮೌಡನ್ ಎಂಬ ಡಚ್ ಎಂಜಿನಿಯರ್ ಬಂದು ನೀರು ಹೊರಗೆ ಸಾಗಿಸಲು ಉದ್ದುದ್ದ ಕಾಲುವೆ ತೋಡಿಸಿದರು. ಅದರಲ್ಲಿ ಎರಡು 20 ಮೈಲಿಗೂ ಉದ್ದ, ದಾರ ಹಿಡಿದು ಎಳೆದ ಹಾಗೆ ನೇರ. ನೀರು ಹೋಯಿತು, ಬಂಗಾರದಂಥ ಹೊಲ ಸಿಕ್ಕಿತು. ಆದರೆ ಪೀಟ್ ಅಂದ್ರೆ ಒದ್ದೆ ಸ್ಪಂಜಿನ ಹಾಗೆ, ಒಣಗಿದರೆ ಕುಗ್ಗುತ್ತೆ. ಗಾಳಿ ತಾಗಿದ್ದೇ ತಡ, ಅಷ್ಟು ದಿನ ನಿಂತಿದ್ದ ಕೊಳೆಯುವ ಕೆಲಸ ಮತ್ತೆ ಶುರುವಾಗಿ ಮಣ್ಣೇ ಕರಗುತ್ತಾ ಹೋಗುತ್ತೆ. ನೆಲ ಇಳಿಯಿತು, ನದಿ ಇದ್ದಲ್ಲೇ ಇತ್ತು. ಆಮೇಲೆ ನೀರನ್ನು ಮೇಲಕ್ಕೆ ಎತ್ತಿ ನದಿಗೆ ಹಾಕಲು ಗಾಳಿಯಂತ್ರ ಬಂತು, ಉಗಿ ಪಂಪು ಬಂತು, ಡೀಸೆಲ್ ಬಂತು, ಈಗ ಕರೆಂಟು.

ಪೀಟರ್‌ಬರೊ ಹತ್ತಿರ ಹೋಮ್ ಫೆನ್ ಎಂಬಲ್ಲಿ 1851ರ ಸುಮಾರಿಗೆ ಒಂದು ಕಬ್ಬಿಣದ ಕಂಬವನ್ನು ತಲೆ ಮಾತ್ರ ನೆಲಮಟ್ಟಕ್ಕೆ ಇರುವ ಹಾಗೆ ಹೂತಿದ್ದರು. ಈಗ ಅದು ನೆಲದಿಂದ ಸುಮಾರು 4 ಮೀಟರ್ ಎದ್ದು ನಿಂತಿದೆ. ಸುತ್ತ ಬರ್ಚ್ ಮರದ ಕಾಡು. ನಾನು ಕಂಬಕ್ಕೆ ಬೆನ್ನು ಕೊಟ್ಟು, ಕೈ ಮೇಲೆತ್ತಿ ನಿಂತು ನೋಡಿದೆ. ಬೆರಳ ತುದಿಯಿಂದ ಕಂಬದ ತಲೆಗೆ ಇನ್ನೂ ಆಳುದ್ದ ಬಾಕಿ ಇತ್ತು. ಅಲ್ಲಿನ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 2.75 ಮೀಟರ್ ಕೆಳಗಿದೆ, ಬ್ರಿಟನ್ನಿನಲ್ಲೇ ಅತಿ ತಗ್ಗಿನ ಜಾಗ. ಸೈಕಲ್ ತುಳಿಯುವವರಿಗೆ ಇದು ಸೀಟಿನಲ್ಲೇ ಗೊತ್ತಾಗುತ್ತೆ. ಡಾಂಬರಿನ ಅಡಿಯ ನೆಲ ಒಂದೊಂದು ಕಡೆ ಒಂದೊಂದು ಅಳತೆಗೆ ಕುಸಿದು ರೋಡು ಅಲೆ ಅಲೆಯಾಗಿರುತ್ತೆ.

ಪ್ರಶ್ನೆ: ಟೈರು ಎಷ್ಟು ದಪ್ಪ ಬೇಕು? ಗಾಳಿ ಎಷ್ಟು ಹೊಡೆಯಬೇಕು?

40ರಿಂದ 45 ಮಿಲಿಮೀಟರ್ ಸಾಕು. ಟ್ಯೂಬ್‌ಲೆಸ್ ಆದರೆ 70–75 ಕೆಜಿ ತೂಕದವರಿಗೆ ಮುಂದೆ 30, ಹಿಂದೆ 35 ಪಿಎಸ್‌ಐ ಹೊಡೆದು ಶುರು ಮಾಡಿ, ಆಮೇಲೆ ನಿಮ್ಮ ಅನುಭವಕ್ಕೆ ತಕ್ಕ ಹಾಗೆ ಹೆಚ್ಚು ಕಮ್ಮಿ ಮಾಡಿಕೊಳ್ಳಿ. ಟ್ಯೂಬ್ ಇದ್ದರೆ ಇನ್ನು ಸ್ವಲ್ಪ ಜಾಸ್ತಿ. ಚಳಿಗಾಲದಲ್ಲಿ ಊರುಗಳ ಹತ್ತಿರ ಹಾಥಾರ್ನ್ ಮುಳ್ಳಿನ ಬೇಲಿ ಸವರಿ ಕಡ್ಡಿಗಳನ್ನು ದಾರಿಯಲ್ಲೇ ಬಿಟ್ಟಿರುತ್ತಾರೆ, ನಮ್ಮ ಜಾಲಿ ಮುಳ್ಳಿಗೆ ಏನೂ ಕಮ್ಮಿ ಇಲ್ಲ.

ಟೈರಿಗಿಂತ ಮುಖ್ಯ, ಟೈರಿಗೂ ಫ್ರೇಮಿಗೂ ನಡುವೆ ಜಾಗ ಇರಬೇಕು. ಒಂದು ನವೆಂಬರ್‌ನಲ್ಲಿ ನಾನು ಮಳೆ ಬಂದ ಮಾರನೇ ದಿನ ಹೊಲಗಳ ನಡುವಿನ ಜೇಡಿ ದಾರಿಗೆ ಇಳಿದೆ. ಇನ್ನೂರು ಮೀಟರಿನಲ್ಲಿ ಮಣ್ಣು ಮೆತ್ತಿಕೊಂಡು ಚಕ್ರ ತಿರುಗೋದೇ ನಿಂತಿತು. ಜೋರಾಗಿ ತುಳಿದೆ, ಹಿಂದಿನ ಗೇರ್ ತೂಗುವ ಹ್ಯಾಂಗರ್ ಬಾಗಿ ಗೇರು ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ಆ ತಿಂಗಳು ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಐದು ಕಿಲೋಮೀಟರ್ ತಳ್ಳಿಕೊಂಡು ನಡೆದೆ. ಈಗ ಒಂದು ಹ್ಯಾಂಗರ್ ಮತ್ತು ಲೈಟು ಯಾವಾಗಲೂ ಚೀಲದಲ್ಲಿರುತ್ತೆ. ಚಕ್ರಕ್ಕೆ ಮಣ್ಣು ಮೆತ್ತಿದರೆ ತುಳಿಯಲೇಬೇಡಿ, ಇಳಿದು ಕಡ್ಡಿಯಿಂದ ಕೆರೆಯಿರಿ.

ಪ್ರಶ್ನೆ: ನದಿ ಏರಿ ಮೇಲೆ ಎಲ್ಲಿ ಬೇಕಾದರೂ ಸೈಕಲ್ ಓಡಿಸಬಹುದಾ?

ಇಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಪಾತ್ ಅಂತ ಗುರುತಿರುವ ದಾರಿ ನಡೆಯುವವರಿಗೆ ಮಾತ್ರ. ಬ್ರಿಡಲ್‌ವೇ ಅಂದ್ರೆ ಕುದುರೆ ಸವಾರರೂ ಹೋಗಬಹುದಾದ ದಾರಿ. ಅದರಲ್ಲಿ 1968ರ ಕಾನೂನಿನಿಂದ ಸೈಕಲ್ಲಿಗೂ ಹಕ್ಕಿದೆ, ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಅಲ್ಲಿನ ಸರ್ಕಾರಿ ಆರ್ಡ್‌ನೆನ್ಸ್ ಸರ್ವೆ ನಕ್ಷೆಯಲ್ಲಿ ಎರಡೂ ಬೇರೆ ಬೇರೆ ಗುರುತಿನಲ್ಲಿವೆ. ಕುದುರೆ ಹಿಂದೆ ಗಂಟೆ ಬಾರಿಸಬೇಡಿ, ದೂರದಿಂದಲೇ ಹಲೋ ಅಂತ ಕೂಗಿ. ಚಳಿಗಾಲದಲ್ಲಿ ಫೆನ್‌ನ ವೆಲ್ನಿ ಹಳ್ಳಿ ಕಡೆ ಹೋಗುವವರು ನದಿ ಮಟ್ಟ ನೋಡಿಕೊಂಡು ಹೊರಡಿ, ಅಲ್ಲಿ ರಸ್ತೆ ಮೇಲೇ ನೀರು ಬರುತ್ತೆ. ಆ ನೀರಿಗೇ ಐಸ್‌ಲ್ಯಾಂಡಿನಿಂದ ಹೂಪರ್ ಹಂಸಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ.

ಪ್ರಶ್ನೆ: ನಾನು ಮಂಡ್ಯದವನು. ನಮ್ಮ ವಿ.ಸಿ. ನಾಲೆ ಏರಿ ಮೇಲೆ ಇಂಥ ಸವಾರಿ ಆಗುತ್ತಾ ಸಾರ್?

ಖಂಡಿತ ಆಗುತ್ತೆ, ಮಣ್ಣು ರೋಡು, ಗದ್ದೆ, ಕಬ್ಬು, ಬೆಳ್ಳಕ್ಕಿ ಎಲ್ಲ ಇದೆ. ಆದರೆ ಭಯ ಇಟ್ಟುಕೊಂಡು ಹೋಗಿ. 2018ರ ನವೆಂಬರ್‌ನಲ್ಲಿ ಬಸ್ಸು ಅದೇ ನಾಲೆಗೆ ಬಿದ್ದು 30 ಜನ ಹೋದರು, ನಿಮಗೆ ನಾನು ಹೇಳಬೇಕಾಗಿಲ್ಲ. ತಡೆಗೋಡೆ ಇಲ್ಲದ ಕಡೆ ಏರಿಯ ನೀರಿನ ಅಂಚು ಬಿಟ್ಟು ಆಚೆ ಬದಿಯಲ್ಲೇ ತುಳಿಯಿರಿ. ಎದುರಿಗೆ ಟ್ರ್ಯಾಕ್ಟರೋ ಕಬ್ಬಿನ ಗಾಡಿಯೋ ಬಂದರೆ ಇಳಿದು ನಿಂತುಬಿಡಿ. ಕತ್ತಲಲ್ಲಿ ಬೇಡ. ಒಬ್ಬರೇ ಹೋಗಬೇಡಿ. ಬೆಳಿಗ್ಗೆ ಬೆಳಕು ಹರಿದ ಕೂಡಲೇ ಹೊರಟು ಬಿಸಿಲೇರುವ ಮೊದಲು ವಾಪಸ್ ಬಂದುಬಿಡಿ, ಜನವರಿಯಲ್ಲಿ ಆ ಹೊತ್ತಿಗೆ ನಾಲೆ ಮೇಲಿನ ಮಂಜು ಇನ್ನೂ ಕರಗಿರೋದಿಲ್ಲ.