ಬೋರ್ಡ್ ನೋಡ್ಬೇಡಿ ಮೇಷ್ಟ್ರೇ, ನೆಲಮಾಳಿಗೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ತಿಪಟೂರು ಕಡೆಯ ಒಬ್ಬ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರದ್ದನ್ನ ಎತ್ಕೊಂಡಿದೀನಿ. ನಾಲ್ಕು ಪುಟ, ದುಂಡಗಿನ ಅಕ್ಷರ, ಒಂದೂ ಕಾಗುಣಿತ ತಪ್ಪಿಲ್ಲ, ತುಂಬಾ ಸಿಟ್ಟು. ಸಾರ ಇಷ್ಟು: ಮಗ ಸೆಕೆಂಡ್ ಪಿಯು, ಸಿಇಟಿಗೆ ಓದೋ ಅಂದ್ರೆ ಹಾರ್ವರ್ಡು, ಯೇಲು, ಪ್ರಿನ್ಸ್‌ಟನ್ನು ಅಂತ ಅಮೆರಿಕದ ಖಾಸಗಿ ಯೂನಿವರ್ಸಿಟಿಗಳನ್ನ ನೋಡ್ತಾ ರಾತ್ರಿಯೆಲ್ಲ ಮೊಬೈಲ್ ಹಿಡ್ಕೊಂಡು ಕೂತಿರ್ತಾನಂತೆ. "ಅವೆಲ್ಲ ಹೆಸರು ಮಾರುವ ಅಂಗಡಿಗಳು, ಶ್ರೀಮಂತರ ಕ್ಲಬ್ಬುಗಳು. ನಮ್ಮ ಮಕ್ಕಳು ಅಲ್ಲಿಗೆ ಹಂಬಲಿಸುವುದು ಗುಲಾಮಗಿರಿಯಲ್ಲದೆ ಮತ್ತೇನು? ನೀವು ಇದರ ವಿರುದ್ಧ ಒಂದು ಸಂಪಾದಕೀಯ ಬರೆಯಬೇಕು" ಅಂತ ಆರ್ಡರ್ ಮಾಡಿದಾರೆ. ಕೊನೆಗೆ ಸಂಬಂಧವೇ ಇಲ್ಲದ ಹಾಗೆ ಇನ್ನೊಂದು ಮಾತು: ಅವರ ತಂದೆ 1966ರಲ್ಲಿ ಕೈಯಿಂದ ದುಡ್ಡು ಹಾಕಿ ತತ್ವಪದಗಳ ಪುಸ್ತಕ ಒಂದನ್ನ ಅಚ್ಚು ಹಾಕಿಸಿದ್ರಂತೆ, ಈಗ ಮನೇಲೂ ಒಂದು ಪ್ರತಿ ಉಳಿದಿಲ್ಲ, ಯಾರ ಹತ್ರವಾದ್ರೂ ಇದ್ರೆ ತಿಳಿಸ್ಬೇಕಂತೆ.

ಮೇಷ್ಟ್ರೇ, ಮೊದಲು ಒಪ್ಕೊಳ್ತೀನಿ, ಆಮೇಲೆ ಜಗಳ. ಕ್ಲಬ್ಬು ಹೌದು. ಹಾರ್ವರ್ಡ್ ಮೇಲೆ ನಡೆದ ಅಡ್ಮಿಷನ್ ಕೇಸು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತಲ್ಲ ಅದೇ, ಅದರಲ್ಲಿ ಹೊರಗೆ ಬಿದ್ದ ಲೆಕ್ಕದ ಪ್ರಕಾರ ಅಪ್ಪನೋ ಅಮ್ಮನೋ ಅಲ್ಲೇ ಓದಿದೋರಾದ್ರೆ ಅರ್ಜಿ ಹಾಕಿದ ಮೂವರಲ್ಲಿ ಒಬ್ಬರಿಗೆ ಸೀಟು, ಮಿಕ್ಕವರಿಗೆ ನೂರಕ್ಕೆ ಆರು. ಅಂಗಡಿ ಅನ್ನೋದೂ ಪೂರ್ತಿ ಸುಳ್ಳಲ್ಲ. ಯೇಲ್ ಅನ್ನೋ ಹೆಸರೇ ನಮ್ಮ ಪಕ್ಕದ ಮದರಾಸಿಂದ ಹೋಗಿದ್ದು. ಎಲಿಹು ಯೇಲ್ ಅಂತ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್, ಸೇಂಟ್ ಜಾರ್ಜ್ ಕೋಟೇಲಿ ಕೂತು ಕಂಪನಿ ಕೆಲಸದ ಜೊತೆ ಸ್ವಂತ ವ್ಯಾಪಾರವನ್ನೂ ಜೋರಾಗಿ ಮಾಡಿ 1692ರಲ್ಲಿ ಕುರ್ಚಿ ಕಳ್ಕೊಂಡೋನು. 1718ರಲ್ಲಿ ಅಮೆರಿಕದ ಒಂದು ಬಡಪಾಯಿ ಕಾಲೇಜಿಗೆ ಒಂಬತ್ತು ಗಂಟು ಸರಕು, 417 ಪುಸ್ತಕ, ರಾಜನದ್ದೊಂದು ಪಟ ಕಳಿಸಿದ. ಸರಕು ಮಾರಿದ್ರೆ 562 ಪೌಂಡ್ ಬಂತು. ಅಷ್ಟಕ್ಕೇ ಮುನ್ನೂರು ವರ್ಷದಿಂದ ಅವನ ಹೆಸರು.

ಆದ್ರೆ ಆ 417 ಪುಸ್ತಕ ಅನ್ನೋ ಕಡೆ ನನ್ನ ಕಣ್ಣು ನಿಂತುಬಿಡುತ್ತೆ ನೋಡಿ. ಅಂಥ ಕಳ್ಳನಿಗೂ ಕಾಲೇಜು ಅಂದ ತಕ್ಷಣ ಪುಸ್ತಕ ನೆನಪಾಗಿದೆ.

ಮೈಸೂರಿನ ಕವಿ ಎ.ಕೆ. ರಾಮಾನುಜನ್ ಕತೆ ನಿಮಗೆ ಗೊತ್ತಿರಬೇಕು, ಗೊತ್ತಿದ್ರೂ ಕೇಳಿ, ನನಗೆ ಹೇಳೋ ಚಟ. ಮನೇಲಿ ತಮಿಳು, ಬೀದೀಲಿ ಕನ್ನಡ, ಓದಿದ್ದು ಇಂಗ್ಲಿಷು. 1962ರಲ್ಲಿ ಶಿಕಾಗೋ ಯೂನಿವರ್ಸಿಟಿಗೆ ಹೊಸದಾಗಿ ಹೋಗಿದ್ದಾಗ ಒಂದು ಶನಿವಾರ ಹಳೆತಮಿಳಿನ ಸಣ್ಣದೊಂದು ವ್ಯಾಕರಣ ಹುಡುಕ್ಕೊಂಡು ಅಲ್ಲಿನ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಗೆ ಇಳಿದ್ರು. ಅಲ್ಲಿ ಕ್ಯಾಟಲಾಗೂ ಮಾಡದೆ ಬಿದ್ದಿದ್ದ ಪುಸ್ತಕಗಳ ನಡುವೆ ಕುರುಂತೊಗೈ ಸಿಕ್ತು. ಎರಡು ಸಾವಿರ ವರ್ಷದ ಹಿಂದಿನ ತಮಿಳು ಪ್ರೇಮ ಪದ್ಯಗಳು, ಮನೆ ಮಾತೇ ತಮಿಳಾಗಿದ್ದ ಮನುಷ್ಯನಿಗೆ ಅದುವರೆಗೆ ಅದರ ಗಂಧವೇ ಇರಲಿಲ್ಲ! ಆಮೇಲೆ ಅವುಗಳನ್ನ ಇಂಗ್ಲಿಷಿಗೆ ತಂದ್ರು, ನಮ್ಮ ವಚನಗಳನ್ನೂ ತಂದ್ರು, ಬಸವಣ್ಣ, ಅಕ್ಕ, ಅಲ್ಲಮನ್ನ ಹೊರಗಿನೋರು ಓದಿದ್ದು ಹಾಗೆ. ಆ ನೆಲಮಾಳಿಗೆಗೆ ಬೀಗ ಹಾಕಿ, ಬೀಗದಕೈ ಗುಮಾಸ್ತರ ಹತ್ರ ಇದ್ದು, ಗುಮಾಸ್ತರು ರಜೆ ಮೇಲೆ ಇದ್ದಿದ್ರೆ?

ತಮಾಷೆಗೆ ಹೇಳ್ತಿಲ್ಲ. ಇಲ್ಲಿನದೇ ಒಂದು ಲೈಬ್ರರಿ, ಹೆಸರು ಬೇಡ, ಅಲ್ಲಿಗೆ ಹಳೇ ಮಾಸಪತ್ರಿಕೆಯ ಒಂದು ಲೇಖನಕ್ಕೆ ನಾನು ಮೂರು ಸಲ ಅಲೆದಿದೀನಿ. ಗಾಜಿನ ಬೀರುವಿನ ಒಳಗೆ ಸಂಪುಟದ ಬೆನ್ನು ಕಾಣ್ತಿತ್ತು, ಇಸವಿ ಕೂಡ ಓದಬಹುದಾಗಿತ್ತು, ಬೀಗದಕೈ ಮಾತ್ರ ಸಿಗಲಿಲ್ಲ. ಕೊನೆಗೆ ಶಿಕಾಗೋದಲ್ಲಿದ್ದ ಸ್ನೇಹಿತನಿಗೆ ಒಂದು ಮೇಲ್ ಹಾಕಿದೆ, ಮಾರನೇ ದಿನ ಅದೇ ಲೇಖನ ಸ್ಕ್ಯಾನ್ ಆಗಿ ಬಂತು. ಖುಷಿ ಆಗ್ಲಿಲ್ಲ ಮೇಷ್ಟ್ರೇ, ಅವಮಾನ ಆಯ್ತು.

ಕನ್ನಡದ ಪುಸ್ತಕ ಅಲ್ಲಿಗೆ ಹೇಗೆ ಹೋಯ್ತು ಅಂತೀರಾ, ಅದು ಇನ್ನೂ ಚೆನ್ನಾಗಿದೆ. ಬರಗಾಲದಲ್ಲಿ ನಾವು ತಿಂದ ಅಮೆರಿಕದ ಗೋಧಿ ನಿಮಗೆ ನೆನಪಿರುತ್ತೆ, ಪಿ.ಎಲ್. 480 ಅನ್ನೋ ಅವರ ಕಾನೂನಿನಡಿ ಬಂದಿದ್ದು. ಅದರ ಬೆಲೆಯನ್ನ ನಮ್ಮ ಸರ್ಕಾರ ರೂಪಾಯಿಯಲ್ಲಿ ಕಟ್ತಿತ್ತು. ಹಾಗೆ ಇಲ್ಲಿ ರಾಶಿ ಬಿದ್ದ ರೂಪಾಯಲ್ಲಿ ಪುಸ್ತಕ ಕೊಳ್ಳಬಹುದು ಅಂತ ಅವರು 1958ರಲ್ಲಿ ಕಾನೂನಿಗೆ ಸೇರಿಸ್ಕೊಂಡ್ರು, 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್, ಅಂದ್ರೆ ಅವರ ಸಂಸತ್ತಿನ ಲೈಬ್ರರಿ, ದೆಹಲೀಲಿ ಆಫೀಸ್ ತೆರೀತು. ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ ಬಂದ ಪುಸ್ತಕ ಕೊಂಡು ಕೊಂಡು ಶಿಕಾಗೋ, ಪೆನ್ಸಿಲ್ವೇನಿಯಾ, ಕೊಲಂಬಿಯಾ ಅಂತ ಖಾಸಗಿ ಯೂನಿವರ್ಸಿಟಿಗಳಿಗೆ ಹಡಗಲ್ಲಿ ಕಳಿಸ್ತಿದ್ರು. ನಾವು ಗೋಧಿ ತಿಂದು ಕೈ ತೊಳ್ಕೊಂಡ್ವಿ, ಅವರು ಪುಸ್ತಕ ಇಟ್ಕೊಂಡ್ರು. ಬರ್ಕ್ಲಿ, ವಿಸ್ಕಾನ್ಸಿನ್ ಥರದ ಸರ್ಕಾರಿ ಯೂನಿವರ್ಸಿಟಿಗಳಿಗೂ ಹೋಗಿದೆ, ಖಾಸಗಿಯೋರದ್ದೇ ಹೆಚ್ಚುಗಾರಿಕೆ ಅಂತ ನಾನು ವಾದ ಮಾಡೋಕೆ ಆಗಲ್ಲ, ಇರಲಿ.

ಗುಲಾಮಗಿರಿ ಅಂದ್ರಲ್ಲ, ಆ ಪದ ನನಗೆ ಚುಚ್ತು. ಇಲ್ಲಿ ಶಾಲೇಲಿ ಗೋಣಿಚೀಲ ಹಾಸ್ಕೊಂಡು ಬೇರೆ ಕೂರಬೇಕಾಗಿದ್ದ ಅಂಬೇಡ್ಕರ್ 1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಹಿಡ್ಕೊಂಡು ಹೋಗಿದ್ದು ಕೊಲಂಬಿಯಾಕ್ಕೆ, ಅದೂ ಖಾಸಗಿ ಯೂನಿವರ್ಸಿಟಿನೇ. ಅಲ್ಲಿ ಎಲ್ಲರ ಜೊತೆ ಅದೇ ಮೇಜಿಗೆ ಕೂತು ಓದಿದ್ರು, ನ್ಯೂಯಾರ್ಕಿನ ಹಳೇ ಪುಸ್ತಕದ ಅಂಗಡಿಗಳನ್ನ ಜಾಲಾಡಿದ್ರು. 1917ರಲ್ಲಿ ವಾಪಸ್ ಬರುವಾಗ ಅವರ ಪುಸ್ತಕ ತರ್ತಿದ್ದ ಹಡಗನ್ನ ಜರ್ಮನ್ ಸಬ್‌ಮರೀನ್ ಮುಳುಗಿಸ್ತು. ಯಾರು ಎಲ್ಲಿ ಗುಲಾಮ ಆಗಿದ್ರು, ನೀವೇ ಹೇಳಿ. ಮೂವತ್ತು ವರ್ಷ ಸಮಾಜ ಪಾಠ ಮಾಡಿದೋರು ಪೆನ್ನಿಗೆ ಬಂತು ಅಂತ ಆ ಪದ ಬರೀಬಾರದಿತ್ತು.

ದುಡ್ಡಿನ ವಿಷಯ. ತೋಟ ಅಡವಿಡಬೇಕಾಗುತ್ತೆ ಅಂತ ಬರ್ದಿದೀರಿ. ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತೆ, ನಿಜ, ಆದ್ರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಡಿಗ್ರಿಗೆ ಸೇರಿಸ್ಕೊಳ್ಳುವಾಗ ಹೊರದೇಶದ ಮಕ್ಕಳ ಮನೆ ಆದಾಯ ನೋಡಲ್ಲ. ಸೀಟು ಕೊಟ್ರೆ ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟು ಬಿಟ್ಟು ಮಿಕ್ಕಿದ್ದು ಅವರೇ ಹಾಕ್ತಾರೆ, ಸಾಲವಾಗಿ ಅಲ್ಲ. ಸ್ಟ್ಯಾನ್‌ಫರ್ಡ್ ಹಾಗಲ್ಲ, ಹೊರದೇಶದೋರು ಸಹಾಯ ಕೇಳಿದ್ರೆ ಅದನ್ನೂ ತಕ್ಕಡಿಗೆ ಹಾಕುತ್ತೆ. ಎಲ್ಲಾ ಕಡೆ ಸೀಟು ಸಿಗೋದು ನೂರಕ್ಕೆ ನಾಲ್ಕೈದು ಜನಕ್ಕೆ ಅಷ್ಟೇ, ಹಾಗಾಗಿ ಸಿಇಟಿ ಪುಸ್ತಕ ಮಾರಬೇಡಿ. ಜನ ತೋಟ ಕಳ್ಕೊಳ್ಳೋದು ಎಂ.ಎಸ್. ಕೋರ್ಸಿಗೆ. 2023–24ರಲ್ಲಿ ಅಲ್ಲಿದ್ದ ನಮ್ಮ 3.3 ಲಕ್ಷ ವಿದ್ಯಾರ್ಥಿಗಳಲ್ಲಿ ಹತ್ತಿರಹತ್ತಿರ ಎರಡು ಲಕ್ಷ ಪಿಜಿ ಮಾಡೋರೇ, ಈ ಔದಾರ್ಯ ಎಂ.ಎಸ್.ಗೆ ಇಲ್ಲ, ಬಹುತೇಕರು ಪೂರ್ತಿ ಫೀಸ್ ಕಟ್ತಾರೆ, ಕನ್ಸಲ್ಟೆನ್ಸಿಯೋರು ಇದನ್ನ ಬಾಯ್ಬಿಟ್ಟು ಹೇಳಲ್ಲ. ಇನ್ನು ವೀಸಾ ಭಯಾನೂ ಸುಳ್ಳಲ್ಲ: 2025ರ ಮೇ ತಿಂಗಳಲ್ಲಿ ಹಾರ್ವರ್ಡ್ ವಿದೇಶಿ ಮಕ್ಕಳನ್ನ ಸೇರಿಸ್ಕೊಳ್ಳೋ ಹಕ್ಕನ್ನೇ ಸರ್ಕಾರ ಕಿತ್ಕೊಳ್ತು, ಸುಮಾರು 6,800 ಮಕ್ಕಳು ಒಂದು ರಾತ್ರಿ ನಿದ್ದೆ ಇಲ್ಲದೆ ಕಳೆದ್ರು, ಮಾರನೇ ದಿನ ಕೋರ್ಟ್ ತಡೆ ಕೊಡ್ತು.

ಇಷ್ಟಿದ್ರೂ ಹುಡುಗ್ರು ಯಾಕೆ ಹೋಗ್ತಾರೆ ಅಂತ ನಮ್ಮನ್ನ ನಾವು ಕೇಳ್ಕೊಂಡಿದೀವಾ? ನಿಮ್ಮ ಮನೆ ಕಂದಾಯದ ರಸೀದಿ ತೆಗ್ದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ತೆರಿಗೆಯ ರೂಪಾಯಿಗೆ ಆರು ಪೈಸೆ, 1965ರ ಕಾಯ್ದೆ. ನೀವೂ ಕಟ್ಟಿದೀರಿ ನಾನೂ ಕಟ್ಟಿದೀನಿ. ಪಾಲಿಕೆ, ನಗರಸಭೆಯೋರು ವಸೂಲಿ ಮಾಡಿದ ದುಡ್ಡನ್ನ ಗ್ರಂಥಾಲಯ ಇಲಾಖೆಗೆ ಕೊಡದೆ ಕೋಟಿಗಟ್ಟಲೆ ಬಾಕಿ ಇಟ್ಕೊಂಡಿರೋ ಸುದ್ದಿ ಆಗಾಗ ಪೇಪರಲ್ಲಿ ಬರುತ್ತೆ, ಯಾರೂ ಬಂದ್ ಕರೆಯಲ್ಲ, ಯಾರೂ ಟೈರ್ ಸುಡಲ್ಲ. ಆ ಕಡೆ ಹಾರ್ವರ್ಡಲ್ಲಿ ಟೈಟಾನಿಕ್ ಜೊತೆ ಮುಳುಗಿದ ಪುಸ್ತಕದ ಹುಚ್ಚಿನ ಮಗನ ನೆನಪಿಗೆ ಒಬ್ಬ ತಾಯಿ ವೈಡ್ನರ್ ಲೈಬ್ರರಿ ಕಟ್ಟಿಸಿದ್ಲು. ನಮ್ಮಲ್ಲಿ ಬಸ್ ಸ್ಟ್ಯಾಂಡಲ್ಲಿ ಕಲ್ಲುಬೆಂಚು ಹಾಕಿಸ್ತಾರೆ. ಕಲ್ಲುಬೆಂಚೂ ಬೇಕು ಬಿಡಿ, ನಾನೂ ಕೂತಿದೀನಿ.

ನೀವು ಕೇಳಿದ ಸಂಪಾದಕೀಯ ನಾನು ಬರಿಯಲ್ಲ. ಮಗನ ಕೈಲಿ ಒಂದು ಕೆಲಸ ಮಾಡಿಸಿ: ಆ ಯೂನಿವರ್ಸಿಟಿಗಳ ಲೈಬ್ರರಿ ಕ್ಯಾಟಲಾಗ್ ಆನ್‌ಲೈನಲ್ಲೇ ಇದೆ, ಬಿಟ್ಟಿ, ಹೇಗೂ ರಾತ್ರಿಯೆಲ್ಲ ಎದ್ದಿರ್ತಾನಲ್ಲ. ಅದರಲ್ಲಿ ಕನ್ನಡದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಗೆರೆ ಕೆಳಗೆ ಚುಕ್ಕಿ ಇಟ್ಟು ಬರ್ದಿರ್ತಾರೆ, ಒಂದೆರಡು ಸಲ ತಪ್ಪಾದ ಮೇಲೆ ಅಭ್ಯಾಸ ಆಗುತ್ತೆ. ನಿಮ್ಮ ತಂದೆಯವರ ಪುಸ್ತಕ ಬಂದಿದ್ದು 1966ರಲ್ಲಿ, ದೆಹಲಿ ಆಫೀಸಿನೋರು ಕೊಳ್ತಿದ್ದ ಕಾಲ ಸರಿಯಾಗಿ ಅದೇ. ಆದ್ರೆ ನಾಲ್ಕು ಪುಟದಲ್ಲಿ ಪುಸ್ತಕದ ಹೆಸರು ಬರೆಯೋದೇ ಮರ್ತಿದೀರಿ ಮೇಷ್ಟ್ರೇ. ಒಂದು ಕಾರ್ಡ್ ಹಾಕಿ, ಇಲ್ಲಿಂದ ನಾನೂ ಹುಡುಕ್ತೀನಿ.

— ಸಂ.