ಅಲರ್ಜಿಗೆ ಸೆಟ್ರಿಜಿನ್ ಬದಲು ಕ್ವೆರ್ಸೆಟಿನ್ ತಗೊಳ್ಳಬಹುದಾ?

ಸೆಟ್ರಿಜಿನ್ ನುಂಗಿದರೆ ಆಫೀಸಲ್ಲಿ ತೂಕಡಿಕೆ ಬರುತ್ತೆ, ಅದನ್ನು ಬಿಟ್ಟು ಕ್ವೆರ್ಸೆಟಿನ್ ಶುರು ಮಾಡಲಾ ಅಂತ ಕೇಳಿದ್ದೀರಿ. ನನಗೂ ಬೆಳಗಾದರೆ ಸೀನು, ಕಣ್ಣು ತುರಿಕೆ. ನಾನೂ ಇದನ್ನು ತಗೊಂಡು ನೋಡಿದ್ದೇನೆ. ಬದಲಿಗೆ ಅಂತ ಬೇಡ. ಜೊತೆಗೆ ಬೇಕಾದರೆ ನೋಡಿ.

ಕ್ವೆರ್ಸೆಟಿನ್ ಈರುಳ್ಳಿಯಲ್ಲಿ, ಸೇಬಿನ ಸಿಪ್ಪೆಯಲ್ಲಿ, ಟೀಯಲ್ಲಿ ಇರುವ ಫ್ಲೇವನಾಯ್ಡ್, ಅಂದರೆ ಗಿಡಗಳಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕ. ನಮ್ಮ ಮೂಗು, ಕಣ್ಣಿನ ಒಳಪದರದಲ್ಲಿ ಮಾಸ್ಟ್ ಕೋಶಗಳಿವೆ. ಧೂಳೋ ಪಾರ್ಥೇನಿಯಂ ಪರಾಗವೋ ತಾಗಿದಾಗ ಅವು ಸೀನು, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಸೆಟ್ರಿಜಿನ್ ಆ ಹಿಸ್ಟಮಿನ್ ಕೆಲಸ ಮಾಡದಂತೆ ತಡೆಯುತ್ತೆ. ಕ್ವೆರ್ಸೆಟಿನ್ ಹಿಸ್ಟಮಿನ್ ಹೊರಗೆ ಬರುವುದನ್ನೇ ಕಡಿಮೆ ಮಾಡುತ್ತೆ. ಆದರೆ ಇದು ಚೆನ್ನಾಗಿ ಕಂಡಿರುವುದು ಲ್ಯಾಬಿನ ಕೋಶಗಳಲ್ಲಿ. ನುಂಗಿದ ಮಾತ್ರೆ ಕರುಳಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ, ತೊಂದರೆ ಇರೋದೇ ಅಲ್ಲಿ. ಜಪಾನಿನಲ್ಲಿ ಸೀಡರ್ ಮರದ ಪರಾಗದ ಅಲರ್ಜಿ ಇದ್ದವರಿಗೆ, ಸುಲಭವಾಗಿ ಹೀರಿಕೊಳ್ಳುವಂತೆ ಮಾರ್ಪಡಿಸಿದ ಇದರದೇ ಒಂದು ರೂಪವನ್ನು ದಿನಕ್ಕೆ 100 ಮಿಲಿಗ್ರಾಂನಂತೆ 8 ವಾರ ಕೊಟ್ಟು ನೋಡಿದರು. ಕಣ್ಣಿನ ತೊಂದರೆ ತಗ್ಗಿತು. ಅವು ತುಂಬ ಚಿಕ್ಕ ಅಧ್ಯಯನಗಳು, ಅಷ್ಟರಿಂದ ಇದೇ ಮದ್ದು ಅನ್ನೋಕಾಗಲ್ಲ.

ನನಗೂ ಕಣ್ಣಿನ ತುರಿಕೆ ಸ್ವಲ್ಪ ಕಡಿಮೆ ಅನ್ನಿಸಿತು. ಮೂಗಿಗೆ ಏನೂ ಆಗಲಿಲ್ಲ. ಸೀನು ಶುರುವಾದ ಮೇಲೆ ನುಂಗಿದರೆ ಉಪಯೋಗ ಇಲ್ಲ. ಹೂ ಬಿಡುವ ಕಾಲಕ್ಕೆ ಕೆಲವು ವಾರ ಮೊದಲೇ ಶುರು ಮಾಡಿದರೆ ಮಾತ್ರ ಏನಾದರೂ ಅರ್ಥ ಇದೆ.

ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ಅಥವಾ ಸೈಕ್ಲೋಸ್ಪೊರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು) ತಗೊಳ್ಳುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಉಬ್ಬಸ ಇದ್ದರೆ ಇನ್ಹೇಲರ್ ಯಾವ ಕಾರಣಕ್ಕೂ ಬಿಡಬೇಡಿ.

ನಿಮ್ಮ ನಿಜವಾದ ಕಷ್ಟ ತೂಕಡಿಕೆ, ಅಲ್ವಾ? ಅದಕ್ಕೆ ಬೇರೆ ದಾರಿ ಇದೆ. ಫೆಕ್ಸೋಫೆನಡಿನ್ ಅಂತ ಸೆಟ್ರಿಜಿನ್ ತರಹದ್ದೇ ಇನ್ನೊಂದು ಅಲರ್ಜಿ ಮಾತ್ರೆ ಇದೆ, ಅದರಿಂದ ನಿದ್ದೆ ಬರುವುದು ತುಂಬ ಕಡಿಮೆ. ಅದನ್ನು ನೀರಲ್ಲೇ ನುಂಗಬೇಕು, ಹಣ್ಣಿನ ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಸೇರಲ್ಲ. ದಿನಾ ಸೀನು, ಮೂಗು ಕಟ್ಟುವುದು ಇದ್ದರೆ ಮೂಗಿಗೆ ಹಾಕುವ ಸ್ಟೆರಾಯ್ಡ್ ಸ್ಪ್ರೇ ಇವೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಸ್ಟೆರಾಯ್ಡ್ ಅಂತ ಹೆದರಬೇಡಿ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ದಿನ ತಪ್ಪಿಸಬೇಡಿ. ಕ್ವೆರ್ಸೆಟಿನ್‌ಗೆ ದುಡ್ಡು ಹಾಕುವ ಮೊದಲು ಒಮ್ಮೆ ಇ.ಎನ್.ಟಿ. ಡಾಕ್ಟರ ಹತ್ತಿರ ಈ ಎರಡರ ಬಗ್ಗೆ ಕೇಳಿ.