ಕಣ್ಣಿನ ಒತ್ತಡ ಇಳಿಸಲು ಎರಡೆರಡು ಹನಿ ಏಕೆ?

ಪ್ರಶ್ನೆ: ನನಗೆ 58 ವರ್ಷ. ಗ್ಲಾಕೋಮಾ (ದೃಷ್ಟಿನರ ಹಾಳಾಗುವ ಕಣ್ಣಿನ ಕಾಯಿಲೆ) ಇದೆ ಎಂದು ಗೊತ್ತಾದಾಗ ಕಣ್ಣಿನ ಒತ್ತಡ 28 ಇತ್ತು. ರಾತ್ರಿ ಲಟಾನೊಪ್ರೋಸ್ಟ್ ಹನಿ ಹಾಕಿಕೊಳ್ಳತೊಡಗಿದ ಮೇಲೆ 21ಕ್ಕೆ ಇಳಿದಿದೆ. ಅದು ಸಾಲದೆಂದು ವೈದ್ಯರು ಈಗ ಟಿಮೊಲೊಲ್ ಕೂಡ ಬರೆದುಕೊಟ್ಟಿದ್ದಾರೆ. ಮೊದಲಿನದನ್ನೇ ದಿನಕ್ಕೆರಡು ಸಲ ಹಾಕಿಕೊಂಡರೆ ಆಗದೇ? ಚಿಕ್ಕಂದಿನಲ್ಲಿ ಉಬ್ಬಸವಿತ್ತು, ಅದನ್ನು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ಉತ್ತರ: ಟಿಮೊಲೊಲ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಆ ಉಬ್ಬಸದ ವಿಷಯವನ್ನು ವೈದ್ಯರಿಗೆ ತಿಳಿಸಿ. ನೀವು ಕೊನೆಗೆ ತಳ್ಳಿದ ಈ ಮಾತೇ ಎಲ್ಲಕ್ಕಿಂತ ಮುಖ್ಯ. ಕಾರಣವನ್ನು ಮುಂದೆ ಹೇಳುತ್ತೇನೆ.

ಕಣ್ಣಿನೊಳಗೆ ಒಂದು ತಿಳಿದ್ರವ ಸದಾ ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ. ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆಯ, ಹಿಂದಿರುವ ಸಿಲಿಯರಿ ಅಂಗ ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೊಲೀಟರ್‌ನಷ್ಟು ದ್ರವವನ್ನು ಸ್ರವಿಸುತ್ತದೆ. ಅದು ಪಾಪೆಯ ಮೂಲಕ ಮುಂದಕ್ಕೆ ಬಂದು, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮತ್ತು ಐರಿಸ್ ಸೇರುವ ಮೂಲೆಯ ಜಾಲರಿಯಿಂದ ಸೋಸಿ ರಕ್ತನಾಳ ಸೇರುತ್ತದೆ. ಇನ್ನೊಂದು ಪಾಲು ಸಿಲಿಯರಿ ಸ್ನಾಯುವಿನ ಎಳೆಗಳ ನಡುವೆ ಜಿನುಗಿ ಹೋಗುತ್ತದೆ. ಜಲಾಶಯದ ಮಟ್ಟದಂತೆ ಕಣ್ಣಿನ ಒತ್ತಡವೂ ಒಳಹರಿವು, ಹೊರಹರಿವುಗಳ ಲೆಕ್ಕಾಚಾರವೇ. ಗ್ಲಾಕೋಮಾದ ಹನಿಗಳೆಲ್ಲ ಈ ಎರಡರಲ್ಲೊಂದನ್ನು, ಕೆಲವು ಎರಡನ್ನೂ ಬದಲಿಸುತ್ತವೆ.

ನಿಮ್ಮ ಲಟಾನೊಪ್ರೋಸ್ಟ್ ಹೊರಹರಿವಿನ ಔಷಧ. ಸ್ನಾಯುವಿನ ಎಳೆಗಳ ನಡುವಿನ ಅಂಗಾಂಶವನ್ನು ಸಡಿಲಗೊಳಿಸಿ ಆ ಎರಡನೆಯ ದಾರಿಯನ್ನು ಅಗಲ ಮಾಡುತ್ತದೆ. ಪೂರ್ಣ ಪರಿಣಾಮ ಕಾಣಲು ಕೆಲವು ವಾರ ಬೇಕು. ಒಂದು ಹನಿಯ ಪ್ರಭಾವ ಇಡೀ ದಿನ ಉಳಿಯುತ್ತದೆ. ದಿನಕ್ಕೆರಡು ಸಲ ಹಾಕಿದರೆ ಪರಿಣಾಮ ಹೆಚ್ಚುವ ಬದಲು ತುಸು ತಗ್ಗುವುದೇ ಕಂಡುಬಂದಿದೆ. ಆದ್ದರಿಂದ ಆ ಯೋಚನೆ ಬಿಡಿ. ರೆಪ್ಪೆಗೂದಲು ಉದ್ದವಾದರೆ, ಕಣ್ಣು ಸ್ವಲ್ಪ ಕೆಂಪಾದರೆ ಅದೂ ಈ ಹನಿಯದೇ ಕೆಲಸ.

ಟಿಮೊಲೊಲ್ ಒಳಹರಿವನ್ನು ತಗ್ಗಿಸುತ್ತದೆ. ದ್ರವ ಸ್ರವಿಸಲು ಕುಮ್ಮಕ್ಕು ಕೊಡುವ ಬೀಟಾ ಗ್ರಾಹಕಗಳನ್ನು ಅದು ತಡೆಯುತ್ತದೆ. ನಿದ್ದೆಯಲ್ಲಿ ಸ್ರಾವ ತಾನಾಗಿಯೇ ಅರ್ಧದಷ್ಟು ಇಳಿಯುವುದರಿಂದ ರಾತ್ರಿ ಇದಕ್ಕೆ ಹೆಚ್ಚು ಕೆಲಸವಿಲ್ಲ. ಬೆಳಗಿನ ಹನಿ ತಪ್ಪಿಸಬಾರದು ಎನ್ನುವುದು ಅದಕ್ಕೇ. ಒಂದು ಔಷಧ ಹೊರದಾರಿಯಲ್ಲಿ, ಇನ್ನೊಂದು ಮೂಲದಲ್ಲಿ ಕೆಲಸ ಮಾಡುವುದರಿಂದ ಎರಡೂ ಸೇರಿದಾಗ ಒತ್ತಡ ಇನ್ನಷ್ಟು ಇಳಿಯುತ್ತದೆ. 21 ಸಹಜವಲ್ಲವೇ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದವರೆಗೆ ಸಹಜವೆನ್ನುತ್ತಾರೆ, ನಿಜ. ಆದರೆ ಈಗಾಗಲೇ ನೊಂದಿರುವ ದೃಷ್ಟಿನರಕ್ಕೆ ಅದೂ ಹೆಚ್ಚಾಗಬಹುದು. ಹೋದ ದೃಷ್ಟಿಯನ್ನು ಯಾವ ಹನಿಯೂ ಮರಳಿಸದು. ಇರುವುದನ್ನು ಉಳಿಸಿಕೊಳ್ಳಲೆಂದೇ ಈ ಪಾಡು.

ಇನ್ನು ಉಬ್ಬಸ. ಕಣ್ಣಿಗೆ ಬಿದ್ದ ಹನಿ ಕಣ್ಣಲ್ಲೇ ಉಳಿಯುವುದಿಲ್ಲ. ಮೂಗಿನ ಪಕ್ಕದ ಸಣ್ಣ ನಾಳದಿಂದ ಮೂಗಿಗಿಳಿದು, ಯಕೃತ್ತನ್ನು ಹಾಯದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಶ್ವಾಸನಾಳಗಳಲ್ಲೂ ಬೀಟಾ ಗ್ರಾಹಕಗಳಿವೆ. ಅವನ್ನು ತಡೆದರೆ, ವರ್ಷಗಳಿಂದ ಸುಮ್ಮನಿದ್ದ ಆಸ್ತಮಾ ಕೂಡ ಕೆರಳಬಹುದು, ಕೆಲವೊಮ್ಮೆ ಅಪಾಯದ ಮಟ್ಟಕ್ಕೆ. ಹೃದಯಬಡಿತ ತೀರ ನಿಧಾನವಿರುವವರಿಗೂ ಇದು ಸಲ್ಲದು. ಹನಿ ಹಾಕಿದ ಬಳಿಕ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಇದು ಎಲ್ಲ ಹನಿಗೂ ಒಳ್ಳೆಯ ಅಭ್ಯಾಸ, ಆದರೆ ಆಸ್ತಮಾ ಇದ್ದವರು ಇದನ್ನೇ ನೆಚ್ಚಿ ಟಿಮೊಲೊಲ್ ಹಾಕಿಕೊಳ್ಳಬಾರದು.

ಒಳಹರಿವು ತಗ್ಗಿಸಲು ಬೇರೆ ಹನಿಗಳೂ ಇವೆ. ಡೋರ್ಜೋಲಮೈಡ್, ಬ್ರಿಂಜೋಲಮೈಡ್ ಸ್ರಾವಕ್ಕೆ ಬೇಕಾದ ಕಿಣ್ವವನ್ನು ತಡೆಯುತ್ತವೆ. ಬ್ರಿಮೊನಿಡಿನ್ ಸ್ರಾವ ತಗ್ಗಿಸುವುದರ ಜೊತೆಗೆ ಹೊರಹರಿವನ್ನೂ ಸ್ವಲ್ಪ ಹೆಚ್ಚಿಸುತ್ತದೆ, ಬಾಯಿ ಒಣಗಿಸುತ್ತದೆ. ನಿಮಗೆ ಯಾವುದು ಸೂಕ್ತವೆಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. ಸಲ್ಫಾ ಔಷಧ ಒಗ್ಗದಿದ್ದರೆ ಅದನ್ನೂ ಹೇಳಿ. ಎರಡನೆಯ ಹನಿ ಶುರುವಾದಾಗ ಎರಡರ ನಡುವೆ ಕನಿಷ್ಠ ಐದು ನಿಮಿಷ ಬಿಡಿ, ಇಲ್ಲವಾದರೆ ಮೊದಲನೆಯದು ತೊಳೆದುಹೋಗುತ್ತದೆ. ವೈದ್ಯರ ತೀರ್ಮಾನ ಬರುವವರೆಗೂ ರಾತ್ರಿಯ ಲಟಾನೊಪ್ರೋಸ್ಟ್ ನಿಲ್ಲಿಸಬೇಡಿ.